ಒತ್ತಾಯ ತಿಳಿಯದ ಯಂತ್ರ

ಎಚ್ಚರವಾಗಿರುವುದೂ ಒಂದು ಕೆಲಸವೆಂದು ತೂಕಡಿಕೆ ಜ್ವರ ಬರುವವರೆಗೆ ಯಾರೂ ತಿಳಿದಿರಲಿಲ್ಲ.

ಆ ಜ್ವರ ಬಂದವರಲ್ಲಿ ಹಲವರು ಬದುಕಿಕೊಂಡರು. ಆದರೆ ಮೈ ತಣ್ಣಗಾದ ಮೇಲೂ ಅವರು ಕಣ್ಣು ತೆರೆಯಲಿಲ್ಲ. ಮಿದುಳಿನ ಬುಡದಲ್ಲಿ ನಮ್ಮನ್ನು ಎಚ್ಚರವಾಗಿಡುವ ಒಂದು ಸಣ್ಣ ಗಂಟಿದೆ. ಜ್ವರ ಅದನ್ನಷ್ಟೇ ಸುಟ್ಟು ಉಳಿದುದೆಲ್ಲವನ್ನೂ ಹಾಗೆಯೇ ಬಿಟ್ಟಿತ್ತು. ನೆನಪು, ಮಾತು, ಮಮತೆ ಎಲ್ಲವೂ ಒಳಗೆ ಭದ್ರವಾಗಿದ್ದವು, ಎಬ್ಬಿಸುವವರು ಇರಲಿಲ್ಲ.

ಅವರಿಗಾಗಿ ಎಚ್ಚರಯಂತ್ರ ಬಂತು. ಮಲಗಿದವರ ತಲೆಗೆ ತೆಳ್ಳನೆಯ ಪಟ್ಟಿಯೊಂದನ್ನು ಕಟ್ಟಿದರೆ, ಸುಟ್ಟುಹೋದ ಗಂಟು ಮಾಡುತ್ತಿದ್ದ ಕೆಲಸವನ್ನು ಯಂತ್ರ ಹೊರಗಿನಿಂದ ಮಾಡುತ್ತಿತ್ತು. ಆದರೆ ಒಂದು ಮಿದುಳನ್ನು ಎಚ್ಚರವಾಗಿಡಲು ಬೇಕಾಗುವ ಲೆಕ್ಕಾಚಾರ ಎಷ್ಟು ಅಪಾರವೆಂದರೆ, ಆ ಯಂತ್ರದ ಅಷ್ಟೂ ಶಕ್ತಿ ಒಬ್ಬರಿಗೇ ಸರಿಹೋಗುತ್ತಿತ್ತು. ಗದಗಿನ ಎಚ್ಚರಮನೆಗೆ ಬಂದದ್ದು ಒಂದೇ ಯಂತ್ರ. ಅಲ್ಲಿ ಮಲಗಿದ್ದವರು ಹನ್ನೊಂದು ಮಂದಿ.

ಆದ್ದರಿಂದ ಸರದಿ ಹಚ್ಚಬೇಕಾಯಿತು. ಕಂಪ್ಯೂಟರುಗಳಿಗೆ ಇದು ಹಳೆಯ ವಿದ್ಯೆ. ಒಂದೇ ಕಂಪ್ಯೂಟರು ಹತ್ತಾರು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದೆಯೆಂದು ನಮಗೆ ತೋರುತ್ತದೆ. ನಿಜದಲ್ಲಿ ಅದು ಒಂದು ಕೆಲಸವನ್ನು ತುಸು ಮಾಡಿ, ಎಲ್ಲಿಗೆ ನಿಲ್ಲಿಸಿದೆನೆಂದು ಗುರುತು ಇಟ್ಟುಕೊಂಡು, ಇನ್ನೊಂದನ್ನು ಎತ್ತಿಕೊಳ್ಳುತ್ತದೆ; ಅದನ್ನೂ ತುಸು ಮಾಡಿ ಮತ್ತೊಂದಕ್ಕೆ ಹೋಗುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಾವಿರ ಸಲ ಹೀಗೆ ಕೈಬದಲು ಮಾಡುವುದರಿಂದ ನಮಗೆ ತಿಳಿಯುವುದಿಲ್ಲ. ಮನುಷ್ಯರನ್ನು ಅಷ್ಟು ಬೇಗ ಬದಲಿಸಲು ಬರುವುದಿಲ್ಲ. ಒಬ್ಬರ ಮಿದುಳು ಎಲ್ಲಿಗೆ ನಿಂತಿತೆಂಬ ಗುರುತನ್ನು ಇಳಿಸಿಟ್ಟು ಇನ್ನೊಬ್ಬರ ಗುರುತನ್ನು ಏರಿಸುವುದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಒಬ್ಬೊಬ್ಬರಿಗೂ ಒಂದೆರಡು ತಾಸಿನ ಎಚ್ಚರ, ಆಮೇಲೆ ಮತ್ತೆ ನಿದ್ದೆ.

ದೇವರು ಲೋಕದ ಜೀವಿಗಳಿಗೆಲ್ಲ ಒಂದೇ ಸಲಕ್ಕೆ ಬೆಳಗು ಮಾಡುತ್ತಾನೆ. ಒಬ್ಬನನ್ನು ಎಬ್ಬಿಸಲು ಇನ್ನೊಬ್ಬನನ್ನು ಮಲಗಿಸಬೇಕಾದ ಬಡತನ ಅವನಿಗಿಲ್ಲ. ಮನುಷ್ಯ ಆ ಕೆಲಸಕ್ಕೆ ಕೈ ಹಾಕಿದಾಗ ಸರದಿಯೂ ಹುಟ್ಟಿತು, ಅದರ ಜೊತೆಗೆ ಪಾಪವೂ ಹುಟ್ಟಿತು.

ಮನೆಯವರು ಬೇಗ ಹೊಂದಿಕೊಂಡರು. ಮಲಗಿದವರಿಗೆ ನಡುವೆ ಕಳೆದ ಹೊತ್ತಿನ ಅರಿವೇ ಇರುತ್ತಿರಲಿಲ್ಲ. ಅರ್ಧ ಆಡಿದ ಮಾತನ್ನು ಮರುದಿನ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಎದುರಿಗೆ ಕೂತವರ ಸೀರೆಯ ಬಣ್ಣ ಒಮ್ಮೆಗೇ ಬದಲಾದರೆ ಅವರ ಎದೆ ಧಸಕ್ಕೆನ್ನುತ್ತಿತ್ತು. ಅದಕ್ಕೆ ಸುವರ್ಣಾ ಎಂಬ ಹುಡುಗಿ, ಬಸ್ಸು ಓಡಿಸುತ್ತಿದ್ದ ತನ್ನ ಗಂಡ ಮಹಾಂತೇಶನನ್ನು ನೋಡಲು ಬರುವಾಗ ಪ್ರತಿ ಸಲವೂ ಅದೇ ಹಸಿರು ಸೀರೆ ಉಟ್ಟು ಅದೇ ಕುರ್ಚಿಯಲ್ಲಿ ಕೂರುತ್ತಿದ್ದಳು. ಅವಳು ಬಸುರಿಯಾಗಿದ್ದಳು. "ನಮ್ಮವರ ಲೆಕ್ಕದಾಗ ನನ್ನ ಹೊಟ್ಟಿ ತಾಸಿಗೊಮ್ಮೆ ದೊಡ್ಡದಾಗ್ತೈತ್ರಿ," ಎಂದು ನಗುತ್ತಿದ್ದಳು.

ಈ ಸರದಿಯ ವ್ಯವಸ್ಥೆಯನ್ನು ಬರೆದವನು ಎಂಜಿನಿಯರ್ ಸೋಮಲಿಂಗ. ಐವತ್ತು ದಾಟಿದವನು, ದಿನವೂ ಲಿಂಗಪೂಜೆ ಮಾಡದೆ ನೀರು ಮುಟ್ಟದವನು. ಹನ್ನೊಂದು ಮಂದಿಯಲ್ಲಿ ಅವನ ಅಕ್ಕ ನಿಂಬೆವ್ವಳೂ ಒಬ್ಬಳು.

ನಿಂಬೆವ್ವ ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ಅಬ್ಬಿಗೇರಿಯ ತವರಿಗೆ ಮರಳಿದ್ದಳು. ತಾಯಿ ತಂದೆ ಹೋದ ಮೇಲೆ ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ತಮ್ಮನನ್ನು ಓದಿಸಿದವಳು ಅವಳೇ. ಸೋಮಲಿಂಗನಿಗೆ ಅವಳು ಅಕ್ಕನೂ ಹೌದು, ಅವ್ವನೂ ಹೌದು.

ಸರದಿಯ ನಿಯಮಗಳನ್ನು ಮಾಡುವಾಗ ಅವನು ಬಹಳ ಎಚ್ಚರ ವಹಿಸಿದ್ದ. ಬಲವುಳ್ಳವರಿಗೆ ಹೆಚ್ಚು ಸಿಕ್ಕು ಮೆತ್ತಗಿನವರು ಹಿಂದೆ ಬೀಳಬಾರದು. ಅದಕ್ಕಾಗಿ ಕಾಯುತ್ತ ಕಾಯುತ್ತ ಹೋದಂತೆ ಒಬ್ಬರ ಹೆಸರು ತಾನಾಗಿಯೇ ಮೇಲೆ ಏರುವಂತೆ ಮಾಡಿದ್ದ. ಇದು ಇದ್ದುದರಿಂದ ಯಾರ ಸರದಿಯೂ ಮರೆತುಹೋಗಲು ಸಾಧ್ಯವೇ ಇರಲಿಲ್ಲ.

ಆದರೆ ವೈದ್ಯರು ಇನ್ನೊಂದು ಕೇಳಿದರು. ಏಳುವಾಗ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ. ಬೇಡವೆಂದವರನ್ನು ಬಲವಂತವಾಗಿ ಎಬ್ಬಿಸಬಾರದು. ಆದ್ದರಿಂದ ಸರದಿ ಬಂದಾಗ ಯಂತ್ರ ಮೊದಲು ಅವರನ್ನು ಎಚ್ಚರದ ಹೊಸ್ತಿಲವರೆಗೆ ತಂದು, ಕನಸಿನಂತಹ ಆ ಮಂಪರಿನಲ್ಲಿ ಒಂದು ಪ್ರಶ್ನೆ ಮುಟ್ಟಿಸುತ್ತಿತ್ತು. ಇಂಥವರು ನಿಮ್ಮ ಹಿಂದೆ ಕಾಯುತ್ತಿದ್ದಾರೆ. ನೀವು ಏಳುತ್ತೀರೋ, ಅವರಿಗೆ ಬಿಡುತ್ತೀರೋ? ಬಂದ ಉತ್ತರದಂತೆ ನಡೆಯುತ್ತಿತ್ತು.

ಹತ್ತು ಮಂದಿ ಹೆಚ್ಚಾಗಿ ಏಳುತ್ತೇನೆಂದರು. ನಿಂಬೆವ್ವ ಮೊದಲು ಎರಡು ಮೂರು ಸಲ ಎದ್ದವಳು, ಆಮೇಲೆ ಬಿಡುತ್ತ ಬಂದಳು. ಕಾರಿಡಾರಿನ ಫಲಕದಲ್ಲಿ ಅವಳ ಹೆಸರಿನ ಮುಂದೆ 'ಬಿಟ್ಟುಕೊಟ್ಟಿದ್ದಾರೆ' ಎಂಬ ಅಕ್ಷರಗಳು ದಿನವೂ ಬೆಳಗುತ್ತಿದ್ದವು. ಅವಳು ಬಿಟ್ಟ ಹೊತ್ತಿನಲ್ಲಿ ಹೆಚ್ಚಿನದು ಅವಳ ಹಿಂದಿನ ಸರದಿಯವನಾದ ಮಹಾಂತೇಶನಿಗೆ ಹೋಗಿ, ಅವನು ಎದ್ದು ಕೂರಲು ಕಲಿತ.

"ಅಕ್ಕಾರು ದೇವರಿದ್ದಂಗ್ರಿ ಸರ," ಎಂದು ಸುವರ್ಣಾ ನಿಂಬೆವ್ವಳ ಮಂಚದ ಕಾಲಿಗೆ ಹಣೆ ಹಚ್ಚುತ್ತಿದ್ದಳು. "ಅವರ ಪುಣ್ಯಾದಿಂದ ನಮ್ಮವರು ಕುಂದ್ರಾಕ ಹತ್ತ್ಯಾರ."

"ಮೊದಲಿಂದನೂ ಹಂಗs ಆಕಿ," ಎನ್ನುತ್ತಿದ್ದ ಸೋಮಲಿಂಗ. "ತಾ ಉಪಾಸ ಇದ್ದು ನನಗ ಉಣ್ಣಾಕ ಹಾಕ್ಯಾಳ."

ಹಾಗೆ ಹೇಳುವಾಗ ಅವನ ಎದೆ ಹೆಮ್ಮೆಯಿಂದ ತುಂಬುತ್ತಿತ್ತು. ಆ ಹೆಮ್ಮೆಯ ಹಿಂದೆ ಇನ್ನೊಂದು ಭಾವವೂ ಇತ್ತು. ಎದ್ದಾಗಲೆಲ್ಲ ನಿಂಬೆವ್ವ ಒಂದೇ ಮಾತು ಕೇಳುತ್ತಿದ್ದಳು: "ಸೋಮ್ಯಾ, ನನ್ನ ಅಬ್ಬಿಗೇರಿಗೆ ಯಾವಾಗ ಕರಕೊಂಡ ಹೋಗ್ತಿ?" ಯಂತ್ರ ಬಿಟ್ಟು ಅವಳನ್ನು ಎಲ್ಲಿಗೂ ಕರೆದೊಯ್ಯುವಂತಿರಲಿಲ್ಲ. ಅವಳು ಸರದಿ ಬಿಟ್ಟ ದಿನ ಆ ಪ್ರಶ್ನೆಯೂ ಇರುತ್ತಿರಲಿಲ್ಲ. ಅವನು ಫಲಕಕ್ಕೆ ಕೈ ಮುಗಿದು ತನ್ನ ಕೋಣೆಗೆ ಹೋಗುತ್ತಿದ್ದ.

ದೀಪಾವಳಿ ಮುಗಿದ ವಾರ ಯಂತ್ರದ ಮೇಲ್ವಿಚಾರಕಿ ಫರೀದಾಳನ್ನು ಸೋಮಲಿಂಗ ಮನೆಗೆ ಊಟಕ್ಕೆ ಕರೆದ. ಅವಳು ವಿಜಯಪುರದ ಹುಡುಗಿ, ಹಬ್ಬದ ದಿನಗಳಲ್ಲಿ ರಜೆಯಿಲ್ಲದೆ ದುಡಿದಿದ್ದಳು. ಸೋಮಲಿಂಗನ ಹೆಂಡತಿ ಕಸ್ತೂರಿ ಹೋಳಿಗೆ ಮಾಡಿದ್ದಳು.

"ಇನ್ನೊಂದು ಹಾಕ್ತೀನಿ, ಗಂಗಾಳ ಇತ್ತ ತಾ," ಎಂದಳು ಕಸ್ತೂರಿ.

"ಬ್ಯಾಡ್ರಿ ವೈನಿ, ಸಾಕಾತು," ಎಂದಳು ಫರೀದಾ.

"ಅರ್ಧಾ ಅರ ಹಾಕ್ಕೋ."

"ಖರೇನ ಬ್ಯಾಡ್ರಿ. ಹೊಟ್ಯಾಗ ಜಾಗಾ ಇಲ್ಲ."

ಸೋಮಲಿಂಗ ನಡುವೆ ಬಾಯಿ ಹಾಕಿದ. "ಬ್ಯಾಡ ಅನ್ನಾಕ ಹತ್ತ್ಯಾಳಲ್ಲ, ಬಿಡ ಆಕೀನ. ಆಮ್ಯಾಲ ಯಂತ್ರದ ಮುಂದ ಕುಂತು ತೂಕಡಿಸ್ತಾಳ."

"ನೀವು ಸುಮ್ಮ ಉಣ್ರಿ," ಎಂದು ಕಸ್ತೂರಿ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದಳು. "ಒಂದ ಸಲ ಬ್ಯಾಡ ಅಂದದ್ದನ್ನ ಖರೇ ಅಂತ ಹಿಡದ್ರ ಹೆಂಗಸೂರು ಹೊಟ್ಟಿ ತುಂಬ ಉಂಡಂಗನ ಇನ್ನ!"

ಫರೀದಾ ತಲೆ ತಗ್ಗಿಸಿ ಹೋಳಿಗೆಯನ್ನು ಅಂಚೂ ಬಿಡದಂತೆ ತಿಂದಳು.

"ಜಾಗಾ ಇಲ್ಲ ಅಂದಿದ್ದೆಲ್ಲ?" ಎಂದು ಸೋಮಲಿಂಗ ನಕ್ಕ.

"ಬೇಕಾಗಿತ್ರಿ ಸರ್. ಆದ್ರ ಕೇಳಿದ ಕೂಡ್ಲೇ ಹೂಂ ಅನ್ನಾಕ ಆಗ್ತೈತೇನ್ರಿ? ನಮ್ಮ ಅಮ್ಮಿ ಕೇಳಿದ್ರ ಬೈತಾಳ. ಎರಡ ಸಲ ಬ್ಯಾಡ ಅನಬೇಕು, ಮೂರನೇದಕ್ಕ ಸುಮ್ಮನಿರಬೇಕು."

"ನಮ್ಮ ಅಕ್ಕಾರು ನಿಂಬೆವ್ವಾರು ಇನ್ನೂ ಜೋರು," ಎಂದಳು ಕಸ್ತೂರಿ. "ನಾಕ ಸಲ ಹೇಳಿಸ್ಕೊಂತಿದ್ರು. ಆಣಿ ಹಾಕಿದ್ರ ಮಾತ್ರ ಕೈ ತಗೀತಿದ್ರು. ಒಮ್ಮೆ ನಾ ಹೊಸದಾಗಿ ಬಂದಾಗ, ಬ್ಯಾಡ ಅಂದ್ರಲ್ಲ ಅಂತ ಸುಮ್ಮ ಬಿಟ್ಟೆ. ಅವತ್ತ ಖಾಲಿ ಹೊಟ್ಟೀಲೆ ಮಲಗಿದ್ರು. ಮರುದಿನ ತಿಳೀತು."

ಸೋಮಲಿಂಗ ಎತ್ತಿದ ತುತ್ತನ್ನು ಮತ್ತೆ ಗಂಗಾಳಕ್ಕೆ ಹಾಕಿದ.

"ಯಾಕ್ರೀ? ಉಪ್ಪು ಹೆಚ್ಚಾತೇನು ಪಲ್ಲೇಕ?" ಎಂದು ಕಸ್ತೂರಿ ಕೇಳಿದಳು.

ಅವನು ಫರೀದಾಳ ಕಡೆ ತಿರುಗಿದ. "ನಮ್ಮ ಯಂತ್ರ ಎಷ್ಟ ಸಲ ಕೇಳ್ತೈತಿ?"

"ಹೊಸ್ತಿಲ ಮ್ಯಾಲೇನ್ರಿ? ಒಂದs ಸಲ," ಎಂದಳು ಅವಳು. ಆಮೇಲೆ ಅವಳೂ ಊಟ ನಿಲ್ಲಿಸಿದಳು.

ಇಬ್ಬರೂ ಕೈ ತೊಳೆದು ಎಚ್ಚರಮನೆಗೆ ಬಂದರು. ನಿಯಂತ್ರಣ ಕೋಣೆಯ ಗಾಜಿನ ಆಚೆ ಹನ್ನೊಂದು ಮಂಚಗಳು ಸಾಲಾಗಿ ಕಾಣುತ್ತಿದ್ದವು. ಒಂದರ ಮೇಲೆ ಮಾತ್ರ ಜೀವಸಂಚಾರವಿತ್ತು: ಮಡಿವಾಳಪ್ಪನೆಂಬ ಮುದುಕ ಎದ್ದು ಕೂತು ಮಗನಿಗೆ ಏನೋ ಬೈಯುತ್ತಿದ್ದ. ಫರೀದಾ ನಿಂಬೆವ್ವಳ ಉತ್ತರಗಳನ್ನು ಪರದೆಯ ಮೇಲೆ ತೆಗೆದಳು. ಬಹಳ ಹೊತ್ತು ನೋಡಿದಳು.

"ಸರ್, ಮುಂಗಾರು ಹಿಡದ ಮ್ಯಾಲ ಯಂತ್ರ ಅಕ್ಕಾರನ್ನ ಕೇಳೇ ಇಲ್ಲ."

"ಅಂದ್ರ? ದಿನಾ ಫಲಕದಾಗ ಬಿಟ್ಟುಕೊಟ್ಟಿದ್ದಾರೆ ಅಂತ ಬರ್ತೈತಲ್ಲ?"

"ಬರ್ತೈತ್ರಿ. ಆದ್ರ ಅದು ಅವರು ಹೇಳಿದ್ದಲ್ಲ. ಅವರು ಹಂಗ ಹೇಳ್ತಾರ ಅಂತ ಯಂತ್ರ ತಿಳಕೊಂಡದ್ದು."

ಹೇಳಬೇಕಾದುದು ಇಬ್ಬರಿಗೂ ಗೊತ್ತಿತ್ತು. ಒಬ್ಬರನ್ನು ಹೊಸ್ತಿಲವರೆಗೆ ತಂದು ಮತ್ತೆ ಕಳಿಸುವುದಕ್ಕೂ ಹೊತ್ತು ಬೇಕು. ಸತತವಾಗಿ ಬೇಡವೆನ್ನುವವರನ್ನು ದಿನವೂ ಕೇಳಿ ಹೊತ್ತು ಹಾಳು ಮಾಡುವುದೇಕೆಂದು, ಅಂಥವರನ್ನು ಕೇಳುವುದನ್ನು ಮೊದಲು ವಿರಳ ಮಾಡಿ, ಆಮೇಲೆ ಬಿಟ್ಟೇ ಬಿಡುವ ನಿಯಮವೊಂದನ್ನು ಸೋಮಲಿಂಗ ಬೇಸಿಗೆಯಲ್ಲಿ ಸೇರಿಸಿದ್ದ. ಉಳಿದ ಹೊತ್ತು ಬೇಕಾದವರಿಗೆ ಸಿಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದ್ದ. ಸೇರಿಸಿ ಮರೆತಿದ್ದ. ಇನ್ನು ಕಾಯುತ್ತ ಕಾಯುತ್ತ ಹೆಸರು ಮೇಲೇರುವ ಆ ಹಳೆಯ ನಿಯಮ? ಅದು ಕಾಯುವವರಿಗೆ. ಬಿಟ್ಟುಕೊಟ್ಟವರನ್ನು ಅದು ಕಾಯುವವರೆಂದು ಎಣಿಸುತ್ತಿರಲಿಲ್ಲ.

ಹಸಿದವಳು ಮರ್ಯಾದೆಗೆ ಒಂದು ಸಲ ಬೇಡವೆಂದಳು. ಬಡಿಸುವವನು ಪಾತ್ರೆ ಎತ್ತಿಕೊಂಡು ಮುಂದೆ ಹೋದ. ಮತ್ತೆ ಆ ಪಂಕ್ತಿಗೆ ಬರಲೇ ಇಲ್ಲ. ಒತ್ತಾಯ ಮಾಡಿ ಬಡಿಸಿಕೊಂಡೇ ಬೆಳೆದ ಸೋಮಲಿಂಗ, ಒತ್ತಾಯ ಮಾಡುವುದನ್ನು ಯಂತ್ರಕ್ಕೆ ಕಲಿಸುವುದನ್ನೇ ಮರೆತಿದ್ದ.

"ಗುರುತು ಹೆಂಗೈತಿ ಆಕೀದು?" ಎಂದು ಕೇಳಿದ.

"ಮಾಸೈತ್ರಿ."

ಇಳಿಸಿಟ್ಟ ಗುರುತು ಹಾಗೆಯೇ ಉಳಿಯುವ ವಸ್ತುವಲ್ಲ. ಮಿದುಳು ನಿದ್ದೆಯಲ್ಲೂ ಬದಲಾಗುತ್ತಿರುತ್ತದೆ. ಆಗಾಗ ಎಬ್ಬಿಸಿದರೆ ಎರಡೂ ಕೂಡಿಕೊಂಡಿರುತ್ತವೆ. ಬಹಳ ದಿನ ಬಿಟ್ಟರೆ ಹಳೆಯ ಅಚ್ಚಿಗೆ ಹೊಸ ಮಣ್ಣು ಹೊಂದದಂತಾಗುತ್ತದೆ; ಹೊಂದದ ಕಡೆಯ ನೆನಪು ಎದ್ದಾಗ ಸಿಗುವುದಿಲ್ಲ.

"ಏನ ಉಳದೈತಿ, ಏನ ಹೋಗೈತಿ ಅಂತ ಎಬ್ಬಿಸಿದ ಹೊರತು ಹೇಳಾಕ ಬರೂದಿಲ್ರಿ," ಎಂದಳು ಫರೀದಾ. "ಆದ್ರ ಈ ವಾರ ಎಬ್ಬಿಸಲೇಬೇಕು. ಅದೂ ಒಂದೆರಡ ತಾಸು ಸಾಲೂದಿಲ್ಲ. ಇಡೀ ಒಂದ ದಿನ ಬೇಕು. ಇನ್ನ ತಡಾ ಮಾಡಿದ್ರ ಎಬ್ಬಿಸೂದs ಆಗೂದಿಲ್ಲ."

ಗಾಜಿನ ಆಚೆ ಅಕ್ಕ ಮಲಗಿದ್ದಳು. ಎಷ್ಟು ದಿನ ಅವಳ ಮುಂದೆಯೇ ಹಾದು ಬಂದಿದ್ದ! ಅವಳು ತಾನಾಗಿ ಬಿಡುತ್ತಿದ್ದಾಳೆಂದು ನಂಬುವುದು ಅವನಿಗೆ ಸುಲಭವಾಗಿತ್ತು. ಅದಕ್ಕೇ ನಂಬಿದ್ದ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ವಿಭೂತಿ ಹಚ್ಚಿದ, ಪತ್ರಿ ಏರಿಸಿದ. ತಪ್ಪಾಯಿತೆಂದು ಬೇಡಿಕೊಳ್ಳಲು ಬಾಯಿ ಬರಲಿಲ್ಲ. ತಪ್ಪಿನ ಫಲವನ್ನು ಬೇರೆಯವಳು ಉಣ್ಣುತ್ತಿರುವಾಗ ತಾನು ಕ್ಷಮೆ ಕೇಳಿ ಹಗುರಾಗುವುದು ಇನ್ನೊಂದು ಕಳ್ಳತನದಂತೆ ತೋರಿತು.

ಕಸ್ತೂರಿ ಚಹಾ ತಂದಿಟ್ಟು ಎದುರಿಗೆ ಕೂತಳು. "ಕುಡೀರಿ. ನೀವು ಬೇಕಂತ ಮಾಡಿಲ್ಲ."

"ಬೇಕಂತ ಮಾಡಿಲ್ಲ, ಖರೆ. ಆದ್ರ ಆಕಿ ಏಳದ ದಿನ ನನಗ ಹಗುರ ಅನಸ್ತಿತ್ತು. ಅದನ್ನ ಯಾರಿಗೆ ಹೇಳ್ಲಿ?"

ಕಸ್ತೂರಿ ಸಮಾಧಾನದ ಮಾತು ಹುಡುಕಲಿಲ್ಲ. "ಇಡೀ ದಿನ ಬೇಕು ಅಂದ್ರಲ್ಲ. ಯಾರ ದಿನಾ ತಗೋತೀರಿ?" ಎಂದಳು.

ಅದೇ ಕಷ್ಟವಾಗಿತ್ತು. ಯಂತ್ರಕ್ಕೆ ಅಪ್ಪಣೆ ಕೊಟ್ಟರೆ ಅರೆಗಳಿಗೆಯಲ್ಲಿ ಅಕ್ಕನ ಹೆಸರು ಎಲ್ಲರ ಮೇಲೆ ಹೋಗುತ್ತಿತ್ತು. ಆದರೆ ಆ ಹೊತ್ತು ಬೇರೆಯವರದು. ತನ್ನ ತಪ್ಪನ್ನು ಅವರ ಹೊತ್ತಿನಿಂದ ತೊಳೆದುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಮನೆಯವರನ್ನೇ ಕೇಳಬೇಕೆಂದು ನಿಶ್ಚಯಿಸಿದ.

ಮೊದಲು ಸುವರ್ಣಾ ಸಿಕ್ಕಳು. ಅವಳಿಗೆ ಹೆರಿಗೆಯಾಗಿ ಕೆಲವು ದಿನಗಳಾಗಿದ್ದವು; ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾಯುವವರ ಕೋಣೆಯಲ್ಲಿ ಕೂತಿದ್ದಳು. ಸೋಮಲಿಂಗ ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಮಹಾಂತೇಶನ ನಾಳಿನ ಸರದಿಯನ್ನು ಕೇಳಿದ.

"ತಗೋರಿ ಸರ," ಎಂದಳು ಅವಳು ತಕ್ಷಣವೇ. "ಅಕ್ಕಾರ ಋಣಾ ನಮ್ಮ ಮ್ಯಾಲ ಎಷ್ಟೈತಿ! ಇಷ್ಟೂ ದಿನಾ ಅವರ ಹೊತ್ತು ನಾವs ಉಂಡೀವಿ."

ನಿನ್ನೆಯಾಗಿದ್ದರೆ ಸೋಮಲಿಂಗ ಕೈ ಮುಗಿದು ಎದ್ದುಬಿಡುತ್ತಿದ್ದ. ಇವತ್ತು ಏಳಲಿಲ್ಲ.

"ಇನ್ನೊಮ್ಮೆ ವಿಚಾರ ಮಾಡವ್ವ. ನೀ ಒಲ್ಲೆ ಅಂದ್ರೂ ನನಗ ಬ್ಯಾಸರಿಲ್ಲ."

"ಇಲ್ರಿ, ತಗೋರಿ. ಅದರಾಗೇನೈತಿ?"

"ನಿನ್ನ ಮನಸಿನ್ಯಾಗ ಏನೈತಿ ಅದನ್ನ ಹೇಳು. ನನ್ನ ಮಾರಿ ನೋಡಬ್ಯಾಡ, ಕೂಸಿನ ಮಾರಿ ನೋಡಿ ಹೇಳು."

ಸುವರ್ಣಾ ಕೂಸಿನ ಮುಖ ನೋಡಿದಳು. "ನಾಳೆ ಇದನ್ನ ತೊಟ್ಲಾಗ ಹಾಕೂದೈತ್ರಿ ಸರ. ನಾನs ಹೇಳ್ತೀನಿ ಅಂತ ಎಲ್ಲಾರ ಬಾಯಿ ಕಟ್ಟೀನಿ, ಅವರಿಗೆ ಕೂಸು ಹುಟ್ಟಿದ್ದs ಗೊತ್ತಿಲ್ಲ. ಅವರ ಲೆಕ್ಕದಾಗ ನಾ ಇನ್ನೂ ಬಸರಿ. ಎದ್ದ ಕೂಡ್ಲೇ ಕೈಯಾಗ ಕೊಟ್ಟು, ಹೆಸರು ಅವರ ಬಾಯಿಲೇ ಹೇಳಸಬೇಕಂತ ಹೊಸಾ ಹಸರು ಸೀರಿ ಸೈತ ತಂದಿಟ್ಟೀನಿ. ಹಳೇದು ಹರದೈತಿ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆದ್ರ ನೀವು ಕೇಳಿದ ಮ್ಯಾಲ ಹೆಂಗ ಇಲ್ಲ ಅನ್ಲಿ?"

"ಈಗ ಅಂದ್ಯೆಲ್ಲ, ಸಾಕು," ಎಂದ ಸೋಮಲಿಂಗ. "ನಾಳೆ ತೊಟ್ಲದ ಕಾರ್ಯ ಆಗ್ಲಿ. ಮಹಾಂತೇಶನ ಹೊತ್ತು ಮಹಾಂತೇಶಗs."

ಅವನು ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಇನ್ನೇನು ಒಂದೇ ಮಾತಿಗೆ ಆ ಹುಡುಗಿಯ ನಾಳೆಯನ್ನು ಎತ್ತಿಕೊಂಡು ಬಂದುಬಿಡುತ್ತಿದ್ದೆನಲ್ಲ ಎಂದುಕೊಂಡ. ಇದುವರೆಗೆ ಹೀಗೆ ಯಾರ್ಯಾರಿಂದ ಏನೇನು ತೆಗೆದುಕೊಂಡಿದ್ದೇನೋ, ದೇವರಿಗೇ ಗೊತ್ತು.

ಎರಡನೆಯವನು ಮಡಿವಾಳಪ್ಪನ ಮಗ ಕಲ್ಮೇಶ. ಅವನು ಎಲೆಅಡಿಕೆ ಜಗಿಯುತ್ತ ಗೇಟಿನ ಬಳಿ ನಿಂತಿದ್ದ.

"ನಮ್ಮಪ್ಪನ ಸರದಿ? ಬೇಕಾದಷ್ಟ ತಗೋರಿ," ಎಂದ.

"ಮರ್ಯಾದಿಗೆ ಹೇಳಬ್ಯಾಡಪಾ."

"ಮರ್ಯಾದಿ ಎಲ್ಲೀದ್ರಿ! ಎದ್ದಾಗೊಮ್ಮೆ ಹೊಲಾ ಯಾಕ ಮಂದಿಗೆ ಲಾವಣಿಗೆ ಕೊಟ್ಟಿ, ಮೀಸಿ ಯಾಕ ಬೋಳಿಸಿದಿ ಅಂತ ಬೈತಾನ. ನಿದ್ದಿ ಹತ್ತಿದ್ರೂ ಮರುದಿನ ಅಲ್ಲಿಂದs ಮುಂದ ಸುರು ಮಾಡ್ತಾನ. ಬೈಗಳಕ್ಕೂ ಗುರುತು ಇಡತೈತಲ್ರಿ ನಿಮ್ಮ ಯಂತ್ರ!"

"ಮೂರನೇ ಸಲ ಕೇಳ್ತೀನಿ. ನಿಮ್ಮಪ್ಪನ ಹೊತ್ತು ತಗೊಂಡ್ರ ನಿನಗ ಬ್ಯಾಸರಿಲ್ಲ?"

ಕಲ್ಮೇಶ ನಗುವುದನ್ನು ನಿಲ್ಲಿಸಿದ. ಎಲೆ ಉಗುಳಿ ಬಾಯಿ ಒರೆಸಿಕೊಂಡ. "ಬೈತಾನ, ಖರೆ. ಆದ್ರ ಅವ ಬೈದಾಗ ಮನ್ಯಾಗ ಅಪ್ಪ ಅದಾನ ಅನಸ್ತೈತಿ. ಒಂದ ದಿನ ಬಿಟ್ಟಿರಾಕ ಆಗ್ತೈತ್ರಿ. ತಗೋರಿ. ಇದು ಖರೇನ ಮಾತು."

ಮಡಿವಾಳಪ್ಪನ ಸರದಿ ಸಿಕ್ಕಿತು. ಇನ್ನೂ ಮೂವರ ಮನೆಯವರನ್ನು ಅದೇ ರೀತಿ ಮತ್ತೆ ಮತ್ತೆ ಕೇಳಿ, ಒಬ್ಬರಿಂದ ಪೂರ್ತಿ, ಇಬ್ಬರಿಂದ ಅರ್ಧರ್ಧ ಪಡೆದ. ಇಡೀ ದಿನ ಸಿಗಲಿಲ್ಲ. ಅಕ್ಕನ ಸರದಿಯೂ ಸೇರಿ ಬಿಸಿಲೇರಿದ ಹೊತ್ತಿನಿಂದ ಸಂಜೆಯವರೆಗಿನಷ್ಟು ಸಿಕ್ಕಿತು. ಅಷ್ಟರಲ್ಲಿ ಆದಷ್ಟು ಆಗಲಿ ಎಂದ.

ತೊಟ್ಟಿಲ ಕಾರ್ಯ ಮುಗಿದ ಮರುದಿನ ಬಿಸಿಲೇರುವ ಹೊತ್ತಿಗೆ ನಿಂಬೆವ್ವಳ ತಲೆಗೆ ಪಟ್ಟಿ ಕಟ್ಟಿದರು. ಫರೀದಾ ಅವಳನ್ನು ಹೊಸ್ತಿಲವರೆಗೆ ತಂದಳು. ಅಲ್ಲಿಗೆ ಮಾತು ಮುಟ್ಟುತ್ತದೆ, ಆಡುವವರ ದನಿ ಮುಟ್ಟುವುದಿಲ್ಲ. ಯಾರು ಕೇಳಿದರೂ ಕನಸಿನಲ್ಲಿ ಕೇಳಿದಂತೆಯೇ. ಯಂತ್ರದ ಪ್ರಶ್ನೆಯನ್ನು ತೆಗೆದುಹಾಕಿ ಸೋಮಲಿಂಗ ತಾನೇ ಕೇಳಿದ.

"ಏಳು ಅಕ್ಕಾ."

ಪರದೆಯ ಮೇಲೆ ಉತ್ತರ ಮೂಡಿತು. ಬೇಡ.

"ಯಾರೂ ಕಾಯಾಕ ಹತ್ತಿಲ್ಲ. ಇದು ನಿಂದs ಸರದಿ. ಏಳು."

ಬೇಡ. ಈ ಸಲ ಉತ್ತರ ಬರಲು ತುಸು ತಡವಾಯಿತು.

"ಎಲ್ಲಾರ್ದೂ ಆಗೈತಿ, ನೀ ಒಬ್ಬಾಕಿನs ಉಳದೀದಿ. ಏಳ ಅಕ್ಕಾ."

ಪರದೆ ಬರಿದಾಗಿತ್ತು. ಬಹಳ ಹೊತ್ತು ಹಾಗೆಯೇ ಇತ್ತು. ಸೋಮಲಿಂಗ ಬಾಗಿ ಮೆಲ್ಲಗೆ ಹೇಳಿದ: "ನಿನ್ನ ತಮ್ಮನ ಆಣಿ ಐತಿ."

ಏಳುತ್ತೇನೆ.

ಕಾಲು ಗಂಟೆಯಾದ ಮೇಲೆ ನಿಂಬೆವ್ವಳ ರೆಪ್ಪೆಗಳು ಅಲುಗಿದವು. ನೋವಿನಿಂದ ಹಣೆ ಗಂಟಿಕ್ಕಿತು. ಕಸ್ತೂರಿ ತಲೆ ಎತ್ತಿ ಹಿಡಿದು ನೀರು ಕುಡಿಸಿದಳು. ನಿಂಬೆವ್ವ ಕಣ್ಣು ತೆರೆದು ಛಾವಣಿ ನೋಡಿದಳು, ಕಿಟಕಿ ನೋಡಿದಳು. ಮಂಚದ ಪಕ್ಕ ನಿಂತವನ ಮೇಲೆ ದೃಷ್ಟಿ ಬಿದ್ದೊಡನೆ ಸೆರಗನ್ನು ತಡಕಿ ತಲೆಯ ಮೇಲೆ ಎಳೆದುಕೊಂಡಳು. ಪರರೆದುರು ಹೆಂಗಸರು ಎಳೆದುಕೊಳ್ಳುವಂತೆ.

"ಅಕ್ಕಾ," ಎಂದ ಸೋಮಲಿಂಗ.

"ಬರ್ರಿ, ಕುಂದರ್ರಿ," ಎಂದಳು ಅವಳು. ದನಿ ಕ್ಷೀಣವಾಗಿತ್ತು, ಮಾತು ಸ್ಪಷ್ಟವಾಗಿತ್ತು. "ನನ್ನ ತಮ್ಮನ ಆಣಿ ಹಾಕಿ ಯಾರೋ ಕರದ್ರು. ಎಲ್ಲದಾನ ಅವ? ಆರಾಮ ಅದಾನಲ್ಲ?"

ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ಗಾಜಿನ ಆಚೆ ಫರೀದಾ ಎದ್ದು ನಿಂತಿದ್ದಳು. ಉಳಿದದ್ದೇನು, ಹೋದದ್ದೇನು ಎಂಬುದು ಎಲ್ಲರಿಗೂ ತಿಳಿದಿತ್ತು. ತಮ್ಮ ಉಳಿದಿದ್ದ. ಅವನ ಮುಖ ಹೋಗಿತ್ತು, ದನಿಯೂ ಹೋಗಿತ್ತು.

"ನಾನs ಅಕ್ಕಾ. ಸೋಮ್ಯಾ."

ಅವಳು ಅವನನ್ನು ನೋಡಿದಳು. ಅವನ ನರೆತ ಗಡ್ಡವನ್ನೂ ಕನ್ನಡಕವನ್ನೂ ನಿಧಾನವಾಗಿ ನೋಡಿದಳು. ಎದುರಿಗಿದ್ದವನ ಕಣ್ಣಲ್ಲಿ ನೀರು ಕಂಡು ಅವಳ ಮುಖದಲ್ಲಿ ಕನಿಕರ ಮೂಡಿತು. "ಹೌದೇನ್ರಿ? ಇರಬಹುದ್ರಿ, ಇರಬಹುದು," ಎಂದಳು. ಮನೆಗೆ ಬಂದವರ ಮಾತನ್ನು ತೆಗೆದುಹಾಕಬಾರದೆಂಬ ಮರ್ಯಾದೆಗೆ ಅಷ್ಟು ಹೇಳಿದಳು.

ಸೋಮಲಿಂಗ ಬಾಗಿ ಅವಳ ಪಾದ ಮುಟ್ಟಲು ಹೋದ. ಅವಳು ಕಷ್ಟಪಟ್ಟು ಕಾಲು ಹಿಂದೆಳೆದುಕೊಂಡಳು. "ಛೆ ಛೆ, ಬ್ಯಾಡ್ರಿ. ನೀವು ದೊಡ್ಡವರು."

ಅವನು ಸ್ಟೂಲಿನ ಮೇಲೆ ಕುಸಿದ. ಇನ್ನು ತಾನು ತಾನೇ ಎಂದು ಹಟ ಮಾಡಿದರೆ ಅವಳಿಗೆ ದಣಿವಷ್ಟೇ. ಸಿಕ್ಕ ಹೊತ್ತು ಸರಿಯುತ್ತಿತ್ತು. ಅವಳು ಮಾತಾಡುತ್ತಿದ್ದಷ್ಟೂ ಗುರುತು ಗಟ್ಟಿಯಾಗುತ್ತದೆಂದು ಫರೀದಾ ಹೇಳಿದ್ದಳು. ಮಾತಾಡಿಸಬೇಕು. ಯಾರಾಗಿಯಾದರೂ ಸರಿ.

"ಯಾವೂರ್ರಿ ನಿಮ್ಮದು?" ಎಂದು ಅವಳೇ ಕೇಳಿದಳು.

"ಅಬ್ಬಿಗೇರಿ ರೀ," ಎಂದ ಅವನು. ಹುಟ್ಟಿದಾಗಿನಿಂದ ಅಕ್ಕನಿಗೆ 'ರೀ' ಅಂದವನಲ್ಲ.

ಅವಳ ಮುಖ ಅರಳಿತು. "ನಮ್ಮೂರs ಅಲ್ಲೇನ್ರಿ! ಹಂಗಾರ ನಮ್ಮ ಸೋಮಲಿಂಗನ್ನ ಕಂಡಿರಬೇಕು ನೀವು. ದೊಡ್ಡ ಯಂತ್ರದ ಕೆಲಸ ಅವಗ."

"ಕಂಡೀನ್ರಿ. ಚೊಲೋ ಗೊತ್ತೈತಿ."

"ಹೆಂಗದಾನ್ರಿ?"

ಹೇಳಲು ಇದಕ್ಕಿಂತ ಬೇರೆ ಗಳಿಗೆ ಸಿಗದೆಂದು ಸೋಮಲಿಂಗನಿಗೆ ತೋರಿತು. ಅವನು ತಲೆ ತಗ್ಗಿಸಿ ಒಂದೊಂದೇ ಮಾತನ್ನು ಹೊರಗೆ ಹಾಕಿದ. "ಆರಾಮದಾನ್ರಿ. ಆದ್ರ ಅವ ಒಳ್ಳೇ ಮನಿಷ್ಯಾ ಅಲ್ಲ. ನಿಮ್ಮನ್ನ ಒಂದs ಸಲ ಏಳತೀಯೇನು ಅಂತ ಕೇಳಿ, ನೀವು ಬ್ಯಾಡ ಅಂದದ್ದ ತಡ, ಸುಮ್ಮನಾಗಿಬಿಟ್ಟ. ಮಳಿಗಾಲ ಪೂರಾ ನಿಮ್ಮ ಕಡೆ ತಿರುಗಿ ನೋಡ್ಲಿಲ್ಲ. ನೀವು ಏಳದಿದ್ರ ಅವಗ ಹಗುರಾಗ್ತಿತ್ತು. ತಾನs ಹೇಳ್ಯಾನ ನನ್ನ ಮುಂದ."

ಅವನು ಶಿಕ್ಷೆಗೆ ಕಾಯುವವನಂತೆ ಕೂತಿದ್ದ.

ನಿಂಬೆವ್ವ ಮೊಣಕೈ ಊರಿ ಮೇಲಕ್ಕೆ ಏಳಲು ನೋಡಿದಳು. ಅಷ್ಟು ಬಲ ಅವಳಿಗೆ ಎಲ್ಲಿಂದ ಬಂತೋ. ತಲೆಯ ಸೆರಗು ಜಾರಿದ್ದೂ ತಿಳಿಯದೆ, ಕಣ್ಣು ಕೆಂಪಗೆ ಮಾಡಿ ಅವನನ್ನು ನೋಡಿದಳು.

"ಊರವರು ಅಂತ ಕುಂದ್ರಿಸಿ ಮಾತಾಡಿಸಿದೆ," ಎಂದಳು. "ನನ್ನ ಮುಂದ ಕುಂತು ನನ್ನ ತಮ್ಮಗ ಅನ್ನಾಕ ಹತ್ತೀರಿ? ಅವನ ನಡ್ತಿ ನನಗ ಗೊತ್ತೈತಿ. ಇನ್ನೊಂದ ಮಾತು ಅಂದ್ರ ಎದ್ದ ಹೋಗ್ರಿ ಇಲ್ಲಿಂದ."

ಅವನು ಏಳಲಿಲ್ಲ. "ತಪ್ಪಾತ್ರಿ," ಎಂದ.

"ಕೆಲಸ ಭಾಳ ಅವಗ," ಎಂದಳು ನಿಂಬೆವ್ವ, ಸಿಟ್ಟು ಇಳಿಯದ ದನಿಯಲ್ಲಿ. "ಅದಕ್ಕ ಬಂದಿಲ್ಲ."